ಹಿಂಬಾಗಿಲ ತಟ್ಟು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆಸ್ಪತ್ರೆಯೊಂದಕ್ಕೆ ದೇಣಿಗೆ ಕೂಡಿಸಲು ವರ್ಷಕ್ಕೊಮ್ಮೆ ಹನ್ನೆರಡು ದಿನ ಓಡುವ ತಂಡಕ್ಕೆ ನಾನು ನೀರಿನ ವ್ಯಾನು ಓಡಿಸುತ್ತಿದ್ದೆ. ಐದೈದು ಕಿಲೋಮೀಟರಿಗೊಮ್ಮೆ ನಿಲುಗಡೆ. ಎಲ್ಲರಿಗಿಂತ ಹಿಂದೆ ಓಡುವವರು ನೀರು ಕುಡಿದು ವ್ಯಾನಿನ ಹಿಂಬಾಗಿಲು ತಟ್ಟಬೇಕು. ಎರಡು ಸಲ ತಟ್ಟಿದರೆ ಹೊರಡು ಎಂದರ್ಥ. ಒಂದೇ ಸಲ ತಟ್ಟಿದರೆ ನಿಲ್ಲು, ಇನ್ನೂ ಯಾರೋ ಬರಬೇಕು ಎಂದರ್ಥ. ಆರು ವರ್ಷ ಆ ಕೆಲಸ ಭಾವನದು. ಹೋದ ವರ್ಷ ಅದೇ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಈ ಸಲ ಅವರ ಜಾಗದಲ್ಲಿ ಅಕ್ಕ ಓಡಿದಳು.

ಮೂರನೆಯ ದಿನ ಸುಡುಬಿಸಿಲು. ಎರಡು ತಟ್ಟು ಕೇಳಿಸಿತು, ಹೊರಟೆ. ಮುಂದಿನ ನಿಲುಗಡೆಗೆ ಅಕ್ಕ ಬಾಯಾರಿ ಸುಸ್ತಾಗಿ ಬಂದಳು.

"ನಾನು ಬರೋಕ್ ಮುಂಚೇನೇ ಹೊರಟ್ಬಿಟ್ಯಲ್ಲೋ! ಕಿವಿ ಎಲ್ಲಿಟ್ಟಿದ್ದೆ?"

"ನೀನೇ ತಟ್ಟಿದ್ದು ಅಂದ್ಕೊಂಡೆ ಅಕ್ಕಾ."

ವ್ಯಾನಿನ ಹಿಂದೆ ಹೋಗಿ ನೋಡಿದೆವು. ಬಾಗಿಲಿನ ತಗಡು ಕಾದ ಹಂಚಿನಂತಿತ್ತು. ಅಂಗೈಯಗಲ ಒಂದು ಜಾಗ ಮಾತ್ರ ತಣ್ಣಗಿತ್ತು. ಅಕ್ಕ ಅದರ ಮೇಲೆ ಕೈಯಿಟ್ಟವಳು ಬಹಳ ಹೊತ್ತು ತೆಗೆಯಲಿಲ್ಲ. ಅಂದಿನಿಂದ ಅವಳು ಬಾಗಿಲು ತಟ್ಟಲೇ ಇಲ್ಲ. ನೀರು ಕುಡಿದು ಸುಮ್ಮನೆ ನಿಲ್ಲುತ್ತಿದ್ದಳು. ಪ್ರತಿ ನಿಲುಗಡೆಯಲ್ಲೂ ನನಗೆ ಎರಡು ತಟ್ಟು ಕೇಳಿಸುತ್ತಿತ್ತು.

ಕೊನೆಯ ದಿನ ಓಟ ಮುಗಿದು ಎಲ್ಲರೂ ಅವರವರ ಮನೆಗೆ ಹೋದರು. ಅಕ್ಕ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತಳು.

"ಹೊರಡೋಣ್ವಾ?" ಎಂದೆ.

"ತಡಿ, ಅವರು ಹೇಳ್ಲಿ."

ಹಿಂದಿನಿಂದ ಒಂದು ತಟ್ಟು ಬಂತು. ಎರಡನೆಯದಕ್ಕೆ ಕಾದೆವು. ಹೊತ್ತು ಮುಳುಗಿತು. ಕೀಲಿ ತಿರುಗಿಸಲು ನನಗೂ ಕೈ ಬರಲಿಲ್ಲ, ತಿರುಗಿಸು ಎನ್ನಲು ಅವಳಿಗೂ ಬಾಯಿ ಬರಲಿಲ್ಲ.

ಕೊನೆಗೆ ಇಬ್ಬರೂ ಬಸ್ಸು ಹಿಡಿದು ಮನೆಗೆ ಬಂದೆವು. ವ್ಯಾನು ಇನ್ನೂ ಅಲ್ಲೇ ಇದೆ.