ನೀಲಿ ಡ್ರಮ್ಮಿನ ತಿರುವು

"ಹೊಟ್ಟೆ ಹತ್ರ ಬ್ರಷ್ ಮಾಡುವಾಗ ಮೆಲ್ಲಗೆ ಮಾಡು. ಅವನಿಗೆ ಅಲ್ಲಿ ಕಚಗುಳಿ," ಎಂದಳು ಗುಬ್ಬಿ.

"ಸರಿ. ಆಮೇಲೆ?" ಎಂದ ಕಡ್ಡಿ.

"ಛತ್ರಿ ಕಂಡ್ರೆ ಆಗಲ್ಲ. ಯಾರಾದ್ರೂ ಪಟ್ ಅಂತ ಬಿಚ್ಚಿದ್ರೆ ಪಕ್ಕಕ್ಕೆ ಹಾರಿಬಿಡ್ತಾನೆ. ಎಡಗಡೆ ಲಗಾಮು ಜಾಸ್ತಿ ಎಳೀಬೇಡ."

"ಇನ್ನೇನಾದ್ರೂ ಇದೆಯಾ? ಎಲ್ಲಾ ಹೇಳ್ಬಿಡೇ. ಇವತ್ತು ನಂಗೆ ಟೆಸ್ಟ್."

ಗುಬ್ಬಿ ಮಸಿಯ ಕತ್ತಿನ ಕೂದಲಿನಲ್ಲಿ ಸಿಕ್ಕಿದ್ದ ಹುಲ್ಲನ್ನು ಬೆರಳಿನಿಂದ ತೆಗೆಯುತ್ತಿದ್ದಳು. ಮಸಿ ಎಂದರೆ ಅವಳ ಕುದುರೆ. ಮೂತಿಯಿಂದ ಬಾಲದ ತುದಿಯವರೆಗೂ ಕಪ್ಪು. ಕುದುರೆ ರೈಡಿಂಗ್ ಶಾಲೆಯದೇ ಆದರೂ ಅದನ್ನು ಹತ್ತುತ್ತಿದ್ದವಳು ಗುಬ್ಬಿ ಒಬ್ಬಳೇ. ಹಾಗಾಗಿ ಅದು ತನ್ನದೇ ಎಂದು ಅವಳು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದಳು.

ಹೇಳಬೇಕಾದ ವಿಷಯ ಇನ್ನೊಂದು ಇತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಇನ್ನೇನಿಲ್ಲ," ಎಂದಳು.

ಕಡ್ಡಿ ನಂಬಿದ. ಅವನು ಎಲ್ಲರನ್ನೂ ನಂಬುವ ಜಾತಿಯ ಹುಡುಗ. ಹೆಲ್ಮೆಟ್ ಹಾಕಿಕೊಂಡರೆ ಕಡ್ಡಿಯ ಮೇಲೆ ಬೋಂಡಾ ಚುಚ್ಚಿದ ಹಾಗೆ ಕಾಣುತ್ತಿದ್ದ. ಯಾರಾದರೂ ಹಾಗೆಂದು ನಕ್ಕರೆ ತಾನೂ ಜೊತೆಗೆ ನಗುತ್ತಿದ್ದ.

ರೈಡಿಂಗ್ ಶಾಲೆಯಲ್ಲಿ ಆಗ ಒಂದೇ ಮಾತು, ಫಾರಿನ್ ಟ್ರಿಪ್. ಸಮುದ್ರದಾಚೆಯ ಒಂದು ದೇಶದಲ್ಲಿ ಇಂಥದೇ ಶಾಲೆ ಇತ್ತು. ಐದು ಮಕ್ಕಳು ಅಲ್ಲಿಗೆ ಹೋಗಿ, ಅಲ್ಲಿನ ಮಕ್ಕಳ ಮನೆಯಲ್ಲಿ ಉಳಿದು, ಅವರ ಕುದುರೆ ಹತ್ತಿ, ಅವರ ಹಾಡು ಕಲಿತು, ತಮ್ಮ ಹಾಡು ಕಲಿಸಿ ಬರಬೇಕು. ಮುಂದಿನ ವರ್ಷ ಅವರು ಇಲ್ಲಿಗೆ ಬರುತ್ತಾರೆ.

ನಾಲ್ಕು ಜನರ ಆಯ್ಕೆ ಆಗಿತ್ತು. ಗುಬ್ಬಿ ಅವರಲ್ಲಿ ಒಬ್ಬಳು. ಉಳಿದ ಒಂದು ಜಾಗಕ್ಕೆ ಇಬ್ಬರು ಇದ್ದರು. ಒಬ್ಬ ಕಡ್ಡಿ. ಇನ್ನೊಬ್ಬ ಸದಾ ಸೀಟಿ ಹೊಡೆಯುತ್ತಿದ್ದ ಹುಡುಗ, ಹಾಗಾಗಿ ಅವನ ಹೆಸರೇ ಸೀಟಿ.

ಅಲ್ಲಿ ಹತ್ತಬೇಕಾದದ್ದು ಗೊತ್ತಿಲ್ಲದ ಕುದುರೆ. ಆದ್ದರಿಂದ ಟೆಸ್ಟಿನಲ್ಲೂ ತಮ್ಮ ಕುದುರೆ ಹತ್ತುವ ಹಾಗಿಲ್ಲ ಎಂದು ಕಲಿಸುವ ಮೇಡಂ ಹೇಳಿದ್ದರು. ಚೀಟಿ ಎತ್ತಿದಾಗ ಕಡ್ಡಿಗೆ ಮಸಿ ಬಂತು.

ಕಡ್ಡಿಯೇ ಹೋಗುವುದು ಎಂದು ಎಲ್ಲರೂ ನಂಬಿದ್ದರು. ಅಲ್ಲಿನ ಭಾಷೆಯ ಮಾತುಗಳನ್ನು ಮೇಡಂ ಮೊಬೈಲಿನಲ್ಲಿ ಕೇಳಿಸಿದಾಗ ಅದನ್ನು ಸರಿಯಾಗಿ ಹಿಡಿದವನು ಅವನೊಬ್ಬನೇ. ನಮಸ್ಕಾರ, ಥ್ಯಾಂಕ್ಸ್ ಅಲ್ಲದೆ ಕುದುರೆಗೆ 'ನಡಿ' ಅನ್ನುವುದಕ್ಕೆ, 'ನಿಲ್ಲು' ಅನ್ನುವುದಕ್ಕೆ ಅವರು ಏನು ಹೇಳುತ್ತಾರೆ ಎಂಬುದನ್ನೂ ಕಲಿತಿದ್ದ. ಅಲ್ಲಿನ ಕುದುರೆಗಳಿಗೆ ನಮ್ಮ ಮಾತು ಬರುವುದಿಲ್ಲವಲ್ಲ, ಎನ್ನುತ್ತಿದ್ದ. ದಾರಿಯಲ್ಲಿ ಬಸ್ ಡ್ರೈವರಿಗೂ ಅದೇ ಭಾಷೆಯಲ್ಲಿ ನಮಸ್ಕಾರ ಹೇಳುತ್ತಿದ್ದ. ಡ್ರೈವರ್ ಪಾಪ, ಟಿಕೆಟ್ ಕೇಳಿರಬೇಕು ಎಂದುಕೊಂಡು ಹಿಂದಕ್ಕೆ ಕೈ ತೋರಿಸುತ್ತಿದ್ದರು.

ಗುಬ್ಬಿಯ ಅಮ್ಮ ಟೈಲರ್. ಐದು ಮಕ್ಕಳ ಕೆಂಪು ಜಾಕೆಟ್ ಹೊಲಿಯುವ ಕೆಲಸ ಅವರಿಗೇ ಬಂದಿತ್ತು. ಟೆಸ್ಟಿಗೆ ಮೊದಲೇ ಅವರು ಐದನೆಯ ಜಾಕೆಟ್ಟನ್ನು ಕಡ್ಡಿಯ ಅಳತೆಗೆ ಕತ್ತರಿಸಿ ಹೊಲಿದೂ ಬಿಟ್ಟಿದ್ದರು.

ಟೆಸ್ಟ್ ಶುರುವಾಯಿತು. ಮೊದಲು ಸೀಟಿ ಬೇರೊಂದು ಕುದುರೆ ಹತ್ತಿದ. ಬೆನ್ನು ಬಗ್ಗಿಸಿ ಕೂತಿದ್ದ, ಆದರೂ ಎಲ್ಲೂ ನಿಲ್ಲದೆ ಸುತ್ತು ಮುಗಿಸಿದ.

ಆಮೇಲೆ ಕಡ್ಡಿ. ಜೀನಿನ ಮೇಲೆ ನೆಟ್ಟಗೆ ಕೂತು, ಲಗಾಮನ್ನು ಹಗುರವಾಗಿ ಹಿಡಿದು, ಮಸಿಯನ್ನು ಕುದುರೆ ಓಡಿಸುವ ರಿಂಗಿನ ಬೇಲಿಯ ಪಕ್ಕ ನಡೆಸಿಕೊಂಡು ಹೊರಟ. ನೋಡಲು ಚೆಂದವಾಗಿತ್ತು. ಆ ಕಡೆಯ ತಿರುವಿನಲ್ಲಿ ನೀರು ಚಿಮುಕಿಸಲು ಇಟ್ಟ ನೀಲಿ ಡ್ರಮ್ ಇತ್ತು. ಅದರ ಹತ್ತಿರ ಬಂದದ್ದೇ ತಡ, ಮಸಿ ನಿಂತಿತು. ನಿಂತು ಕತ್ತು ತಿರುಗಿಸಿ ಕಡ್ಡಿಯ ಬಲಮೊಣಕಾಲಿಗೆ ಮೂತಿ ತಾಗಿಸಿತು.

ಬೇಲಿಯ ಹೊರಗೆ ನಿಂತಿದ್ದ ಗುಬ್ಬಿಗೆ ಯಾಕೆಂದು ತಕ್ಷಣ ಗೊತ್ತಾಯಿತು.

ಅವಳು ಹೇಳದೆ ಬಿಟ್ಟ ವಿಷಯ ಅದೇ ಆಗಿತ್ತು. ಹೊಸದರಲ್ಲಿ ಮಸಿಗೆ ಆ ಡ್ರಮ್ ಕಂಡರೆ ಹೆದರಿಕೆ. ಹತ್ತಿರ ಹೋಗಲೇ ಒಪ್ಪುತ್ತಿರಲಿಲ್ಲ. ಒಂದು ದಿನ ಗುಬ್ಬಿ ಜೀನಿನ ಮೇಲಿಂದಲೇ ಬಗ್ಗಿ ಒಂದು ಚೂರು ಕ್ಯಾರೆಟ್ ಕೊಟ್ಟಳು. ಮಸಿ ತಿಂದು ಧೈರ್ಯವಾಗಿ ಮುಂದೆ ನಡೆಯಿತು. ಮರುದಿನವೂ ಕೊಟ್ಟಳು. ಹೆದರಿಕೆ ಹೋದ ಮೇಲೂ ಕೊಡುವುದು ಹೋಗಲಿಲ್ಲ. ದಿನಾ ಕ್ಲಾಸಿನ ಮೊದಲ ಸುತ್ತಿನಲ್ಲಿ, ಕಾಲಿಡುವ ರಿಕಾಪು ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿ, ಬಲಮೊಣಕಾಲಿನ ಹತ್ತಿರ ಒಂದು ಚೂರು. ಒಮ್ಮೆ ಸಿಕ್ಕರೆ ಮಸಿ ಆ ದಿನಕ್ಕೆ ಮತ್ತೆ ಕೇಳುತ್ತಿರಲಿಲ್ಲ. ಕುದುರೆಯ ಮೇಲೆ ಕೂತು ತಿನ್ನಿಸಬಾರದು ಎಂಬುದು ಶಾಲೆಯ ನಿಯಮ. ಅದಕ್ಕೇ ಅದು ಗುಟ್ಟು. ಮನೆಯಲ್ಲಿ ಕ್ಯಾರೆಟ್ ಮಾಯವಾಗುವುದನ್ನು ನೋಡಿ ಅಮ್ಮ, ನಾವೇನು ಮೊಲ ಸಾಕಿದ್ದೀವಾ ಎಂದು ಕೇಳಿದ್ದರು.

ಮಸಿ ತನಗೋಸ್ಕರ ನಿಲ್ಲುತ್ತದೆ ಎಂದು ಗುಬ್ಬಿ ನಂಬಿದ್ದಳು. ಬೇರೆ ಯಾರು ಹತ್ತಿದರೂ ಅಲ್ಲಿ ನಿಲ್ಲುವುದಿಲ್ಲ, ಅದು ತಮ್ಮಿಬ್ಬರದೇ ಸಂಗತಿ ಎಂದುಕೊಂಡಿದ್ದಳು. ಮಸಿಗೆ ಅದೆಲ್ಲ ಗೊತ್ತಿರಲಿಲ್ಲ. ಡ್ರಮ್ ಬಂದರೆ ಕ್ಯಾರೆಟ್ ಬರುತ್ತದೆ, ಅಷ್ಟೇ ಅದಕ್ಕೆ ಗೊತ್ತಿದ್ದದ್ದು.

ಕಡ್ಡಿ ಹಿಮ್ಮಡಿಯಿಂದ ಮೆಲ್ಲಗೆ ಒತ್ತಿದ. ನಾಲಿಗೆಯಿಂದ ಚ್ಚ ಚ್ಚ ಎಂದ. ಮಸಿ ಮತ್ತೆ ಮೊಣಕಾಲನ್ನು ಮೂಸಿತು. ಬಹಳ ಹೊತ್ತಾದ ಮೇಲೆ ಬೇಜಾರಿನಿಂದ ಹೊರಟಿತು. ಎರಡನೆಯ ಸುತ್ತು ಓಟದ್ದು. ಮಸಿ ಚೆನ್ನಾಗಿಯೇ ಓಡಿ ಬಂದು ಡ್ರಮ್ಮಿನ ಮುಂದೆ ಗಕ್ಕನೆ ನಿಂತಿತು. ಕಡ್ಡಿ ಮುಂದಕ್ಕೆ ಜಾರಿ ಅದರ ಕತ್ತನ್ನು ತಬ್ಬಿಕೊಂಡ. ಮಕ್ಕಳೆಲ್ಲ ಹೋ ಎಂದು ನಕ್ಕರು. ಈ ಸಲ ಕಡ್ಡಿ ಜೊತೆಗೆ ನಗಲಿಲ್ಲ.

ಈಗಲೇ ಕೂಗಿ ಹೇಳಬೇಕು ಎಂದು ಗುಬ್ಬಿಗೆ ಅನಿಸಿತು. ಹೇಳಿದರೆ ತನ್ನ ಹೆಸರೇ ಪಟ್ಟಿಯಿಂದ ಹೋದರೆ? ಅಷ್ಟರಲ್ಲಿ ಮೇಡಂ ಕೈ ಎತ್ತಿ ಸಾಕು ಎಂದರು.

ಸೀಟಿಯ ಆಯ್ಕೆ ಆಯಿತು. ಹೊಸ ಕುದುರೆಯನ್ನು ನಡೆಸುವುದು ಕಡ್ಡಿಗೆ ಇನ್ನೂ ಬರಬೇಕು ಎಂದು ಮೇಡಂ ಮೃದುವಾಗಿಯೇ ಹೇಳಿದರು. ಕಡ್ಡಿ ಸರಿ ಎಂದು ತಲೆಯಾಡಿಸಿದ. ಹತ್ತಿದವರೇ ಇಳಿದ ಮೇಲೆ ಕುದುರೆಯ ಮೈ ಒರೆಸಬೇಕಲ್ಲ, ಅದಕ್ಕಾಗಿ ಮಸಿಯನ್ನು ಲಾಯಕ್ಕೆ ಕರೆದುಕೊಂಡು ಹೋದ. ಹಲಗೆಯ ಗೋಡೆಯ ಆಚೆ ನಿಂತಿದ್ದ ಗುಬ್ಬಿಗೆ ಅವನ ಮಾತು ಕೇಳಿಸಿತು.

"ಸಾರಿ ಕಣೋ ಮಸಿ," ಎನ್ನುತ್ತಿದ್ದ. "ನಿಂಗೆ ಅರ್ಥ ಆಗೋ ಹಾಗೆ ಹೇಳೋಕೆ ನಂಗೇ ಬರಲಿಲ್ಲ."

ಗುಬ್ಬಿಯ ಜೇಬಿನಲ್ಲಿ ಕ್ಯಾರೆಟ್ ಚೂರು ಇತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಗೆ ನಡೆದಳು.

ಸಂಜೆ ಅಮ್ಮ ಮೆಷೀನಿನ ಮುಂದೆ ಕೂತು ಕೆಂಪು ಜಾಕೆಟ್ಟಿನ ಹೊಲಿಗೆ ಬಿಚ್ಚುತ್ತಿದ್ದರು. ಸಣ್ಣ ಕತ್ತರಿಯಿಂದ ದಾರ ಎತ್ತುವುದು, ಕತ್ತರಿಸುವುದು, ಎಳೆಯುವುದು. ಬಿಚ್ಚಿದ ತೋಳು ಕಡ್ಡಿಯ ಕೈಯಷ್ಟೇ ಸಣ್ಣಗೆ ಮೇಜಿನ ಮೇಲೆ ಬಿದ್ದಿತ್ತು. ಸೀಟಿಯ ತೋಳು ದಪ್ಪ, ಅದಕ್ಕೆ ಪಟ್ಟಿ ಕೊಟ್ಟು ಅಗಲ ಮಾಡಬೇಕಿತ್ತು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದೆ ನೋಡು," ಎಂದರು ಅಮ್ಮ. "ಪಾಪ, ಅಳತೆ ಕೊಡುವಾಗ ಎಷ್ಟು ನೆಟ್ಟಗೆ ನಿಂತಿದ್ದ ಹುಡುಗ."

ಗುಬ್ಬಿ ಕೆಳಗೆ ಬಿದ್ದಿದ್ದ ಕೆಂಪು ದಾರದ ತುಂಡುಗಳನ್ನು ಒಂದೊಂದಾಗಿ ಹೆಕ್ಕಿದಳು. ಅಮ್ಮನಿಗೆ ಹೇಳಿಬಿಡೋಣ ಎಂದುಕೊಂಡಳು. ನಾಳೆ ಹೇಳೋಣ ಎಂದುಕೊಂಡಳು. ಮರುದಿನ ಕಾಲುನೋವು, ಕ್ಲಾಸಿಗೆ ಹೋಗಲ್ಲ ಎಂದು ಹೊದ್ದು ಮಲಗಿದಳು.

"ಕುದುರೆ ಕಂಡ್ರೆ ಕಾಲುನೋವು ಅಂತ ಗಾದೆ. ನಿಂಗೆ ಕುದುರೆ ಕಾಣದೇನೇ ಬಂತಲ್ಲೇ," ಎಂದು ಅಮ್ಮ ನಕ್ಕರು.

ಅದರ ಮಾರನೆಯ ದಿನ ಜಾಕೆಟ್ ಮತ್ತೆ ಸಿದ್ಧವಾಯಿತು. ಗೋಡೆಯ ಮೊಳೆಗೆ ತೂಗುಹಾಕಿದ್ದರು. ಅದನ್ನು ನೋಡಿದ ಗುಬ್ಬಿ ತಿಂಡಿ ಅರ್ಧಕ್ಕೇ ಬಿಟ್ಟು ಎದ್ದಳು. ಶೂ ಲೇಸ್ ಕೂಡ ಕಟ್ಟದೆ ರೈಡಿಂಗ್ ಶಾಲೆಗೆ ಓಡಿದಳು.

ಮೇಡಂ ಆಫೀಸಿನಲ್ಲಿ ಬೂಟು ಒರೆಸುತ್ತಾ ಕೂತಿದ್ದರು. ಗುಬ್ಬಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಡ್ರಮ್, ಕ್ಯಾರೆಟ್, ಬಲಮೊಣಕಾಲು, ಕಡ್ಡಿ ಕೇಳಿದ್ದು, ತಾನು ಇನ್ನೇನಿಲ್ಲ ಎಂದದ್ದು. ಮೇಡಂ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ಐದೂ ಹೆಸರು ನಿನ್ನೆ ಸಂಜೆ ಕಳಿಸಿಬಿಟ್ಟೆ," ಎಂದರು. "ಟಿಕೆಟ್ ಕೂಡ ಆಯ್ತು. ನಿನ್ನೆ ಬೆಳಗ್ಗೆ ಬಂದು ಹೇಳಿದ್ರೂ ಅವನಿಗೆ ಬೇರೆ ಕುದುರೆ ಕೊಟ್ಟು ಇನ್ನೊಂದ್ಸಲ ಟೆಸ್ಟ್ ಮಾಡ್ತಿದ್ದೆ."

ನಿನ್ನೆ ಬೆಳಗ್ಗೆ ಗುಬ್ಬಿ ಇಲ್ಲದ ಕಾಲುನೋವಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು.

"ನನ್ನ ಬದ್ಲು ಅವನು ಹೋಗ್ಲಿ ಮೇಡಂ."

"ಹೆಸರು ಬದಲಾಯಿಸೋಕೆ ಆಗಲ್ಲಮ್ಮ. ಈಗ ನೀನು ಬಿಟ್ರೆ ಒಂದು ಸೀಟು ಖಾಲಿ ಹೋಗುತ್ತೆ, ಅಷ್ಟೇ." ಮೇಡಂ ಕಿಟಕಿಯಾಚೆಯ ರಿಂಗನ್ನು ನೋಡಿದರು. "ಕುದುರೆ ಯಾಕೆ ನಿಲ್ತು ಅಂತ ನಾನೂ ಕೇಳ್ಬೇಕಿತ್ತು. ಹುಡುಗನ್ನ ಮಾತ್ರ ನೋಡ್ದೆ."

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಗುಬ್ಬಿಗೆ. ಕಡ್ಡಿಗೆ ತಾನೇ ಹೋಗಿ ಹೇಳಬೇಕು, ಮಸಿಯ ಚಟವನ್ನೂ ತಾನೇ ಬಿಡಿಸಬೇಕು ಎಂದು ಮಾತ್ರ ಮೇಡಂ ಹೇಳಿದರು.

ಕಡ್ಡಿ ಲಾಯದಲ್ಲಿ ಹುಲ್ಲಿನ ಬಲೆಚೀಲ ತುಂಬುತ್ತಿದ್ದ. ಗುಬ್ಬಿ ಮತ್ತೆ ಮೊದಲಿನಿಂದ ಹೇಳಿದಳು. ಈ ಸಲ ಮಾತು ತುಂಡು ತುಂಡಾಗಿ ಬಂತು. ಅವನು ಕೈಯಲ್ಲಿ ಹುಲ್ಲು ಹಿಡಿದುಕೊಂಡೇ ಕೇಳಿದ.

"ನಾನು ಕೇಳಿದ್ದೆ ಅಲ್ವಾ?" ಎಂದ.

"ಹೂಂ."

"ಇನ್ನೇನಾದ್ರೂ ಇದೆಯಾ ಅಂತ ಕೇಳಿದ್ದೆ."

ಗುಬ್ಬಿಗೆ ಅಳು ಬಂತು. ಅವನು ಚೀಲವನ್ನು ಮೊಳೆಗೆ ಸಿಕ್ಕಿಸಿ ಹೊರಗೆ ಹೋದ. ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟ. ಬಸ್ ಡ್ರೈವರಿಗೆ ನಮಸ್ಕಾರ ಹೇಳುವುದನ್ನೂ ಬಿಟ್ಟ.

ಮಸಿಯ ಚಟ ಬಿಡಿಸುವುದು ಸುಲಭವಿರಲಿಲ್ಲ. ಗುಬ್ಬಿ ದಿನಾ ಜೇಬು ಖಾಲಿ ಇಟ್ಟುಕೊಂಡೇ ಹತ್ತಿದಳು. ಡ್ರಮ್ಮಿನ ಹತ್ತಿರ ಮಸಿ ನಿಲ್ಲುತ್ತಿತ್ತು, ಮೊಣಕಾಲು ಮೂಸುತ್ತಿತ್ತು, ಕಿವಿ ಹಿಂದೆ ಮುಂದೆ ಮಾಡುತ್ತಿತ್ತು. ನಿನ್ನೆಯವರೆಗೆ ಕೊಡುತ್ತಿದ್ದವಳು ಇವತ್ತು ಯಾಕೆ ಕೊಡುವುದಿಲ್ಲ ಎಂದು ಪಾಪ ಅದಕ್ಕೆ ತಿಳಿಯುತ್ತಿರಲಿಲ್ಲ. ಗುಬ್ಬಿ ಹಿಮ್ಮಡಿ ಒತ್ತಿ ಮುಂದೆ ನಡೆಸುತ್ತಿದ್ದಳು. ಮತ್ತೆ ಅದೇ ತಿರುವು ಬರುತ್ತಿತ್ತು. ಆಚೆ ಬೇಲಿಯ ಹತ್ತಿರ ಉಳಿದವರು ಫಾರಿನ್ ಹಾಡು ಪ್ರಾಕ್ಟೀಸ್ ಮಾಡುತ್ತಿದ್ದರೆ ಅವಳಿಗೆ ಸಾಲುಗಳೇ ಬಾಯಿಗೆ ಬರುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಗುಬ್ಬಿ ಲಾಯಕ್ಕೆ ಬಂದಾಗ ಕಡ್ಡಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದ. ನೀವೆಲ್ಲ ಬರೋವರೆಗೂ ಮಸಿಯನ್ನು ನಾನೇ ನೋಡಿಕೊಳ್ಳಬೇಕಂತೆ, ಮೇಡಂ ಹೇಳಿದರು ಎಂದ. ಅಷ್ಟು ದಿನಗಳ ಮೇಲೆ ಅವನು ಆಡಿದ ಮೊದಲ ಮಾತು ಅದು. ಗುಬ್ಬಿ ಲಗಾಮನ್ನು ಅವನ ಕೈಗೆ ಕೊಟ್ಟಳು.

ಅವನು ಹತ್ತಿ ಹೊರಟ. ಗುಬ್ಬಿ ಹೋಗಿ ಡ್ರಮ್ಮಿನ ಹತ್ತಿರ ಬೇಲಿ ಹಿಡಿದು ನಿಂತಳು. ಮಸಿ ತಿರುವಿಗೆ ಬಂತು. ಒಂದು ಕಿವಿ ಡ್ರಮ್ಮಿನ ಕಡೆ ಹೊರಳಿತು. ನಡಿಗೆ ಒಂಚೂರು ನಿಧಾನವಾಯಿತು. ಆಮೇಲೆ ಹಾಗೇ ಹೋಯಿತು.

"ನಿಲ್ಲಲಿಲ್ಲ," ಎಂದ ಕಡ್ಡಿ, ಹಿಂದೆ ತಿರುಗಿ.

ಇನ್ನೊಂದು ಸುತ್ತು ಬಂದು ಅವನೇ ಮಸಿಯನ್ನು ಅವಳ ಮುಂದೆ ನಿಲ್ಲಿಸಿದ. "ಅಲ್ಲಿ 'ನಡಿ' ಅನ್ನೋಕೆ ಏನಂತಾರೆ ಹೇಳು ನೋಡೋಣ."

ಗುಬ್ಬಿ ಹೇಳಿದಳು. ತಪ್ಪು ಎಂದ. ಹೇಗೆ ಹೇಳಬೇಕೆಂದು ತೋರಿಸಿದ. ಅವಳು ಮತ್ತೆ ಹೇಳಿದಳು, ಅವನು ಮತ್ತೆ ತಿದ್ದಿದ. ಸರಿಯಾಗುವವರೆಗೂ ಬಿಡಲಿಲ್ಲ.

"ಅಲ್ಲಿ ನಿಂಗೆ ಯಾರ ಕುದುರೆ ಕೊಡ್ತಾರೋ ಅವರ ಹತ್ರ ಎಲ್ಲಾ ಕೇಳ್ಕೋ," ಎಂದ. ಲಗಾಮು ಸರಿಮಾಡಿಕೊಳ್ಳುತ್ತಾ ಸೇರಿಸಿದ. "ಕೇಳಿದ್ರೆ ಹೇಳ್ತಾರೇನೋ."

ಗುಬ್ಬಿ ತಲೆ ತಗ್ಗಿಸಿದಳು. ಅವನು ಚುಚ್ಚಬೇಕೆಂದು ಹೇಳಿದ್ದಲ್ಲ. ಅದಕ್ಕೇ ಅದು ಇನ್ನೂ ಹೆಚ್ಚು ಚುಚ್ಚಿತು.

ಕಡ್ಡಿ ಮಸಿಗೆ ಆ ದೂರದ ದೇಶದ ಮಾತಿನಲ್ಲಿ 'ನಡಿ' ಎಂದ. ಮಸಿಗೆ ಅರ್ಥವಾಯಿತೋ ಇಲ್ಲವೋ, ಅದು ನಡೆಯಿತು. ಆಮೇಲೆ ಓಡಿತು. ರಿಂಗಿನ ಆಚೆ ತುದಿಗೆ ಹೋಗಿ, ತಿರುಗಿ, ಮತ್ತೆ ನೀಲಿ ಡ್ರಮ್ಮಿನ ಕಡೆಗೆ ಬಂತು. ಅದರ ಮೇಲೆ ಕಡ್ಡಿ ನೆಟ್ಟಗೆ, ಜಾಕೆಟ್ಟಿಗೆ ಅಳತೆ ಕೊಟ್ಟ ದಿನ ನಿಂತಿದ್ದಷ್ಟೇ ನೆಟ್ಟಗೆ ಕೂತಿದ್ದ. ಗುಬ್ಬಿಯ ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ ಇತ್ತು.

ಮಸಿ ಅವಳ ಮುಂದೆಯೇ ಹಾದುಹೋಯಿತು. ನಿಲ್ಲಲಿಲ್ಲ, ತಿರುಗಿ ನೋಡಲೂ ಇಲ್ಲ. ಎಷ್ಟು ಚೆನ್ನಾಗಿ ಹೋಗುತ್ತಿದ್ದಾರೆ ಇಬ್ಬರೂ ಎಂದುಕೊಂಡಳು ಗುಬ್ಬಿ. ತಾನು ಹೇಳಿದ್ದಿದ್ದರೆ ಅವತ್ತೂ ಹೀಗೇ ಹೋಗುತ್ತಿದ್ದರು.