ಬಲಗಡೆಯ ಬಿರುಕುಗಳು

ಶನಿವಾರ ಬೆಳಿಗ್ಗೆ ವೃದ್ಧ ರೇಸುಗಾರ ಏಮಸ್ ವೆದರಲ್ ನಮ್ಮ ಬಾಗಿಲು ತಟ್ಟಿದರು.

"ಬೇಕರಿಯ ಗಾರ್ಬಟ್ ನನ್ನ ಕಾರಿನ ಮುಂದಿನ ಗಾಜು ಹಾಳು ಮಾಡಿದ, ಮಿಸ್ ಥ್ಯಾಕ್ರೆ. ನಾಳೆ ಗುಡ್ಡದ ರೇಸು, ನನ್ನ ಕೊನೇ ರೇಸು. ಇನ್ನೊಂದು ಗಾಜು ಮಾಡೋ ಶಕ್ತಿ ನನಗಿಲ್ಲ."

ನನ್ನ ಗೆಳತಿ ಅರ್ಸುಲಾ ಥ್ಯಾಕ್ರೆ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು. ಯಾರ್ಕ್‌ಶೈರಿನ ನಮ್ಮ ಹಳ್ಳಿಯಲ್ಲಿ ಏನು ಕೆಟ್ಟರೂ ಜನ ಮೊದಲು ಅವಳ ಬಳಿಗೇ ಬರುತ್ತಿದ್ದರು. ಅವಳು ಕೋಟು ತೊಟ್ಟಳು. ನಾನೂ ಜೊತೆಗೆ ಹೊರಟೆ.

ಗಾರ್ಬಟ್ ಅವರ ಬೇಕರಿಯ ಹಿಂದಿನ ಶೆಡ್ಡಿನಲ್ಲಿ ಆ ತೆರೆದ ಹಸಿರು ಕಾರು ನಿಂತಿತ್ತು. ಏಮಸ್ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬೇಕರಿಯ ಓವನ್ನಿನಲ್ಲಿ ಕಾಯಿಸಿ, ಕಂಬಳಿ ಹೊದಿಸಿದ ಮರದ ಅಚ್ಚಿನ ಮೇಲೆ ಬಗ್ಗಿಸಿ, ಆರು ವಾರದಲ್ಲಿ ಆ ಮುಂಗಾಜನ್ನು ಮಾಡಿದ್ದರು. ಈಗ ಅದರ ಬಲಗಡೆ, ಚಾಲಕನ ಎದುರಿಗೆ, ಮುಟ್ಟಿದರೂ ಬೆರಳಿಗೆ ತಿಳಿಯುವ, ಕೂದಲೆಳೆಯಂಥ ಬಿರುಕುಗಳು ಹಬ್ಬಿದ್ದವು. ಎಡಗಡೆ ಒಂದೂ ಇರಲಿಲ್ಲ. ಸೀಟಿನ ಕೆಳಗೆ ಬಿದ್ದಿದ್ದ ಬಟ್ಟೆಚೂರನ್ನು ಅರ್ಸುಲಾ ಮೂಸಿ ನೋಡಿದಳು.

ಗಾರ್ಬಟ್ ಚಹಾ ತಂದರು. ಆಪಾದನೆ ಹೊತ್ತ ಆ ಮನುಷ್ಯ ಕಪ್ಪಿನ ಹಿಡಿಯನ್ನು ತಿರುಗಿಸಿ ಏಮಸ್‌ರ ಬೆರಳಿಗೆ ತಾಗಿಸಿ ಕೊಟ್ಟದ್ದನ್ನು ನಾನು ಗಮನಿಸಿದೆ.

"ಉಪಚಾರ ಸಾಕು. ರೇಸಿಗೆ ಹೋಗಬೇಡ ಅಂತ ಹೋದ ವಾರ ಇವನೇ ಗಂಟು ಬಿದ್ದಿದ್ದ," ಎಂದರು ಏಮಸ್. "ಬೇಕೂಂತಲೇ ಓವನ್ ಉರಿ ಏರಿಸಿದ್ದಾನೆ."

"ಉರಿ ಹೆಚ್ಚಾಗಿದ್ರೆ ಗುಳ್ಳೆ ಏಳ್ತಿತ್ತು. ಒಂದೂ ಇಲ್ಲ," ಎಂದಳು ಅರ್ಸುಲಾ. "ಇದು ಸ್ಪಿರಿಟ್ ಮಾಡಿದ ಕೆಲಸ. ಈ ಬಟ್ಟೆಯಲ್ಲಿ ಅದೇ ವಾಸನೆ. ಬಗ್ಗಿಸಿದ ಪ್ಲಾಸ್ಟಿಕ್ಕಿಗೆ ಸ್ಪಿರಿಟ್ ಸೋಕಬಾರದು. ಒರೆಸಿದಾಗ ಏನೂ ಕಾಣಲ್ಲ, ಆಮೇಲೆ ಸೀಳುತ್ತೆ. ಕೆಡಿಸೋಕೆ ಬಂದವನು ಸುತ್ತಿಗೆ ತರ್ತಾನೆ. ಚಾಲಕನ ಸೀಟಲ್ಲಿ ಕೂತು, ತನ್ನ ಎದುರಿನ ಭಾಗವನ್ನಷ್ಟೇ ಉಜ್ಜುತ್ತಾ ಕೂರಲ್ಲ. ನಿನ್ನೆ ಅಲ್ಲಿ ಕೂತಿದ್ದವರು ಯಾರು, ಏಮಸ್?"

ಏಮಸ್ ಕಪ್ಪನ್ನು ಕೆಳಗಿಟ್ಟರು.

"ಗಾಜಿಗೆ ಮಂಜು ಕಟ್ಟಿತ್ತು," ಎಂದರು. "ನಲವತ್ತು ವರ್ಷ ಗಾಜನ್ನ ಸ್ಪಿರಿಟಲ್ಲೇ ಒರೆಸಿದವನು ನಾನು. ಕೈ ತಾನಾಗೇ ಬಾಟ್ಲಿಗೆ ಹೋಯ್ತು. ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ."

"ನಿನ್ನೆ ಮಂಜಿರಲಿಲ್ಲ," ಎಂದು ಅರ್ಸುಲಾ ಮೆಲ್ಲಗೆ ಹೇಳಿ, ಗಾರ್ಬಟ್ ಕಡೆ ತಿರುಗಿದಳು. "ನಿಮಗೆ ಯಾವಾಗಿಂದ ಗೊತ್ತು?"

"ಚಳಿಗಾಲದಿಂದ. ಕಾದ ತಟ್ಟೆ ಕಾಣದೆ ಕೈ ಇಟ್ಟ. ಹಟಮಾರಿ ಮುದುಕ, ನಿನ್ನ ಕಣ್ಣು ಹೋಗ್ತಿದೆ ಅಂತ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ. ಮಾಡೋ ಖುಷಿಯಾದ್ರೂ ಇರ್ಲಿ ಅಂತ ಓವನ್ ಬಿಟ್ಟುಕೊಟ್ಟೆ."

ಏಮಸ್ ಎದ್ದು, ಕಾರನ್ನು ತಡವುತ್ತಾ ಸುತ್ತಿ ಬಂದು, ಎಡಗಡೆಯ ಸೀಟಿನಲ್ಲಿ ಕುಳಿತರು. ಅಲ್ಲಿಯ ಗಾಜು ತಿಳಿನೀರಿನಂತಿತ್ತು. ಅದರಾಚೆ ತೆರೆದ ಬಾಗಿಲಿನಲ್ಲಿ ಹೂಬಿಟ್ಟ ಸೇಬಿನ ಮರ ಬಿಸಿಲಿಗೆ ಹೊಳೆಯುತ್ತಿತ್ತು.

"ಇಲ್ಲೂ ಮಂಜಿದೆ ಕಣೋ, ಗಾರ್ಬಟ್."

ಗಾರ್ಬಟ್ ಹಿಟ್ಟಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕರವಸ್ತ್ರ ತೆಗೆದು, ಆ ಶುಭ್ರವಾದ ಗಾಜನ್ನು ನಿಧಾನವಾಗಿ ಒರೆಸಿದರು.

"ಈಗ?"

"ಈಗ ಸರಿಯಾಯ್ತು," ಎಂದರು ಏಮಸ್. ಅವರು ಕಣ್ಣು ಮುಚ್ಚಿಕೊಂಡಿದ್ದರು.