ಬೆಂಚಿನ ಮೇಲೆ ಬಂದು ಕೂತವನು

ಖಾಲಿ ಬೆಂಚಿನ ಮೇಲೆ ಒಬ್ಬ ಮುದುಕ ಬಂದು ಕೂತಿದ್ದ.

ಬೆಳಿಗ್ಗೆ ಆರಕ್ಕೆ ನರ್ಸಮ್ಮ ಡ್ಯೂಟಿಗೆ ಹೊರಟಾಗ ಅವನಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಬಾಗಿಲು ತೆಗೆದು ಒಳಗೆ ಬಂದಾಗ ಇದ್ದ— ಗೋಡೆಯ ಮೇಲಿನ ಚಿತ್ರದೊಳಗೆ, ಬೂದು ಕೋಟು ತೊಟ್ಟು, ತೊಡೆಯ ಮೇಲೆ ಮಡಿಸಿದ ಪತ್ರಿಕೆ ಇಟ್ಟುಕೊಂಡು.

ಅವಳ ಕೂಗು ಕೆಳಗಿನ ಮಹಡಿಯ ನಮಗೂ ಕೇಳಿಸಿತು. ನನ್ನ ಹೆಂಡತಿ ಚಹಾದ ಲೋಟ ಕೆಳಗಿಟ್ಟಳು.

"ರೀ, ಚಪ್ಪಲಿ ಮೆಟ್ಕೊಳ್ಳಿ."

ನನ್ನ ಹೆಂಡತಿಯನ್ನು ಈ ಕಟ್ಟಡದವರೆಲ್ಲ ಬೆರಳಚ್ಚಮ್ಮ ಎನ್ನುತ್ತಾರೆ. ಪೊಲೀಸ್ ಇಲಾಖೆಯಲ್ಲಿ ಕಳ್ಳರ ಬೆರಳ ಗುರುತು ಪತ್ತೆಹಚ್ಚುವ ಬೆರಳಚ್ಚು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವಳು. ಟೈಪಿಸ್ಟ್ ಆಗಿದ್ದಳೆಂದು ತಪ್ಪು ತಿಳಿದು ಅರ್ಜಿ ಟೈಪ್ ಮಾಡಿಸಿಕೊಳ್ಳಲು ಬರುವವರು ಈಗಲೂ ಇದ್ದಾರೆ, ಬೇಸರವಿಲ್ಲದೆ ಮಾಡಿಕೊಡುತ್ತಾಳೆ. ನಾನು ಭೂಗೋಳ ಕಲಿಸುತ್ತಿದ್ದವನು. ನಿವೃತ್ತಿಯ ನಂತರ ಅವಳ ಹಿಂದೆ ಮೆಟ್ಟಿಲು ಹತ್ತುವುದೇ ನನ್ನ ಉದ್ಯೋಗ.

ನರ್ಸಮ್ಮ ಯೂನಿಫಾರಂ ಕೂಡ ಬಿಚ್ಚದೆ ಚಿತ್ರದ ಎದುರು ನಿಂತಿದ್ದಳು. ಅವಳ ಅತ್ತೆ ಕುರ್ಚಿಯ ಅಂಚಿನಲ್ಲಿ ಮುದುಡಿಕೊಂಡು ಕೂತಿದ್ದರು. ನರ್ಸಮ್ಮನ ಗಂಡ ತೀರಿಕೊಂಡು ನಾಲ್ಕು ವರ್ಷ. ಅಂದಿನಿಂದ ಈ ಎರಡು ಕೋಣೆಯ ಮನೆಯಲ್ಲಿ ಅತ್ತೆ-ಸೊಸೆ ಇಬ್ಬರೇ.

"ನೋಡಿ ಅಕ್ಕ! ಏಳು ತಿಂಗಳು ಹುಡುಕಿ ತಂದಿದ್ದು!"

ಆ ಹುಡುಕಾಟ ನಮಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ರಜೆಗೂ ಕೈಚೀಲದಲ್ಲಿ ಟೇಪು, ಗೋಡೆಯ ಬಣ್ಣದ ಒಂದು ಚೂರು ಕಾಗದ ಹಾಕಿಕೊಂಡು ಪ್ರದರ್ಶನಗಳಿಗೆ ಹೋಗುತ್ತಿದ್ದಳು. ಓಡುವ ಕುದುರೆಗಳು ಬೇಡ, ಜಲಪಾತ ಬೇಡ, ನಗುವ ಮಕ್ಕಳಂತೂ ಬೇಡವೇ ಬೇಡ. ಹೆರಿಗೆ ವಾರ್ಡಿನಲ್ಲಿ ದಿನವಿಡೀ ಕೂಗು ಕೇಳುವವಳು. 'ಮನೆಗೆ ಬಂದರೆ ಯಾರೂ ಇಲ್ಲದ ಒಂದು ಜಾಗ ಕಾಣಬೇಕು' ಎನ್ನುತ್ತಿದ್ದಳು. ಕೊನೆಗೆ ಒಬ್ಬ ಚಿತ್ರಗಾರನ ಮನೆಯಲ್ಲೇ ಸಿಕ್ಕಿತು— ಒಂದು ಮರ, ಒಂದಿಷ್ಟು ಹುಲ್ಲು, ಒಂದು ಖಾಲಿ ಬೆಂಚು. ಈ ಮನೆಗೆ ಅವಳು ತನಗೆಂದು ತಂದ ಮೊದಲ ವಸ್ತು ಅದು.

"ಯಾರ ಮೇಲೆ ಅನುಮಾನ?" ನನ್ನ ಹೆಂಡತಿ ಕೇಳಿದಳು.

"ಅನುಮಾನ ಎಲ್ಲಿ ಬಂತು? ಮೈದುನನೇ. ಬೋರ್ಡು ಬರೆಯೋನು. ಮನೆ ಕೀ ಅವನ ಹತ್ರಾನೂ ಇದೆ. ಚಿತ್ರ ನೇತು ಹಾಕಿದ ದಿನವೇ 'ಅತ್ತಿಗೆ, ಬೆಂಚು ಬಿಕೋ ಅಂತಿದೆ, ಒಬ್ಬರನ್ನ ಕೂರಿಸ್ಲಾ?' ಅಂತ ಹಲ್ಲು ಕಿರಿದಿದ್ದ. ಇವತ್ತು ಮಧ್ಯಾಹ್ನ ಔಷಧಿ ಕೊಡೋಕೆ ಬಂದಿದ್ದನಂತೆ. ಈಗ ಫೋನ್ ಮಾಡಿ ಬೈದೆ. ಒಪ್ಕೊಂಡ!"

"ಒಪ್ಕೊಂಡನಾ?"

"'ಹೌದು ಅತ್ತಿಗೆ, ನಾನೇ, ತಪ್ಪಾಯ್ತು' ಅಂದ. ಇನ್ನು ಈ ಮನೆ ಮೆಟ್ಟಿಲು ಹತ್ಬೇಡ ಅಂದುಬಿಟ್ಟೆ."

ಅತ್ತೆಯ ತುಟಿ ಅಲುಗಿತು. ನನ್ನ ಹೆಂಡತಿ ಅವರ ಕಡೆ ತಿರುಗಿದಳು.

"ನೀವೇನಾದ್ರೂ ನೋಡಿದ್ರಾ ಅಮ್ಮ?"

"ನಾನು... ಮಲಗಿದ್ದೆ."

ನನ್ನ ಹೆಂಡತಿ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದಳು. ಮೂಸಿದಳು. ಮುದುಕನ ಕೋಟಿನ ಮೇಲೆ ಬೆರಳ ತುದಿಯಿಟ್ಟಳು. ಕನ್ನಡಕವನ್ನು ಹಣೆಗೇರಿಸಿ, ಮತ್ತೆ ಇಳಿಸಿ ನೋಡಿದಳು.

"ಇವನ ತಲೆ ಎಲ್ಲಿ?"

ಆಗಲೇ ನಾನೂ ಗಮನಿಸಿದ್ದು. ಮುದುಕನಿಗೆ ಕಣ್ಣಿತ್ತು, ಹುಬ್ಬಿತ್ತು, ಅರ್ಧ ಹಣೆಯಿತ್ತು. ಅದರ ಮೇಲೆ ಏನೂ ಇರಲಿಲ್ಲ— ಹಸಿರು ಎಲೆಗಳಷ್ಟೇ.

"ಅರೆಬರೆ ಕೆಲಸ," ನರ್ಸಮ್ಮ ಸಿಡುಕಿದಳು. "ಗೇಲಿ ಮಾಡೋಕೆ ಅಷ್ಟು ಸಾಕಲ್ಲ!"

"ಮೈದುನಂಗೆ ಫೋನ್ ಹಚ್ಚು. ನಾನು ಮಾತಾಡ್ತೀನಿ."

ಫೋನಿನ ಧ್ವನಿ ನಮಗೆಲ್ಲ ಕೇಳುವಂತೆ ಇಟ್ಟರು.

"ಏನಪ್ಪಾ, ಯಾವ ಬಣ್ಣದಲ್ಲಿ ಬರೆದೆ?"

"ಎನಾಮೆಲ್, ಅಕ್ಕ. ಬೋರ್ಡಿಗೆ ಹಚ್ಚೋದೇ."

"ಎಷ್ಟು ಹೊತ್ತು ಹಿಡೀತು?"

"ಒಂದು... ಅರ್ಧ ಗಂಟೆ."

"ಮುದುಕನ ಕೈಗೆ ಏನು ಕೊಟ್ಟೆ?"

"ಕೈಗಾ... ಕೋಲು," ಅಂದ.

ನರ್ಸಮ್ಮ ಸರಕ್ಕನೆ ಚಿತ್ರದ ಕಡೆ ತಿರುಗಿದಳು. ಕೋಲು ಎಲ್ಲೂ ಇರಲಿಲ್ಲ.

"ಸರಿ, ಬಾ ಇಲ್ಲಿಗೆ. ಮೆಟ್ಟಿಲು ಹತ್ತೋಕೆ ನಾನು ಹೇಳ್ತಿದ್ದೀನಿ," ಎಂದು ನನ್ನ ಹೆಂಡತಿ ಫೋನಿಟ್ಟಳು. "ಇವನು ಈ ಮುದುಕನನ್ನ ನೋಡೇ ಇಲ್ಲ."

"ಮತ್ತೆ ಯಾಕೆ ಒಪ್ಕೊಂಡ?"

ನನ್ನ ಹೆಂಡತಿಯ ಗಮನ ಆಗಲೇ ಬಾಗಿಲ ಪಕ್ಕದ ಗೋಡೆಗೆ ಹೋಗಿತ್ತು. ಅಲ್ಲಿ ಪೆನ್ಸಿಲಿನ ಚಿಕ್ಕ ಚಿಕ್ಕ ಗೆರೆಗಳು, ಒಂದರ ಮೇಲೊಂದು, ಪಕ್ಕದಲ್ಲಿ ತಾರೀಖು.

"ಇದೇನು, ಮಕ್ಕಳ ಎತ್ತರ ಗುರುತು ಹಾಕಿದ ಹಾಗಿದೆ?"

"ಅತ್ತೆ ತೋಳಿಂದು. ಭುಜ ಹಿಡ್ಕೊಂಡು ವರ್ಷವಾಯ್ತು. ದಿನಾ ಗೋಡೆ ಮೇಲೆ ಬೆರಳು ನಡೆಸ್ತಾರೆ, ಎಲ್ಲಿ ತನಕ ಹತ್ತುತ್ತೋ ಅಲ್ಲಿಗೊಂದು ಗೆರೆ ಎಳೀತೀನಿ. ಈಗ ಪರವಾಗಿಲ್ಲ, ಒಂದು ಗೇಣು ಮೇಲೆ ಬಂದಿದೆ."

"ನಿನ್ನ ಟೇಪು ಕೊಡು. ಚಿತ್ರ ಹುಡುಕೋಕೆ ಒಯ್ತಿದ್ದೆಯಲ್ಲ, ಅದೇ."

ನೆಲದಿಂದ ಮೇಲಿನ ಗೆರೆಗೆ ಅಳೆದಳು. ಆಮೇಲೆ ನೆಲದಿಂದ ಮುದುಕನ ಹಣೆ ನಿಂತಲ್ಲಿಗೆ. ಟೇಪನ್ನು ಸುತ್ತಿ ಕೈಗೆ ಕೊಡುವಾಗ ಅವಳ ಮುಖ ಮೆತ್ತಗಾಗಿತ್ತು. ಇಂಥ ಮುಖ ಮಾಡಿದಳೆಂದರೆ ಅಪರಾಧಿ ಸಿಕ್ಕನೆಂದು ಅರ್ಥ. ಸಿಕ್ಕಿದ್ದು ಅವಳಿಗೆ ಇಷ್ಟವಾಗಿಲ್ಲ ಎಂದೂ ಅರ್ಥ.

ಅಷ್ಟರಲ್ಲಿ ಮೈದುನ ಬಂದ. ಆರಡಿಯ ಆಳು, ಒಳಗೆ ಬರಲಾರದೆ ಹೊಸ್ತಿಲಲ್ಲೇ ನಿಂತ. ನನ್ನ ಹೆಂಡತಿ ಎಲ್ಲರನ್ನೂ ಕೂರಿಸಿ, ಹತ್ತಿಯ ಉಂಡೆಯೊಂದನ್ನು ನೀರಲ್ಲಿ ಅದ್ದಿದಳು.

"ಈ ಮುದುಕನನ್ನ ಇವತ್ತು ಯಾರೂ ಬರೆದಿಲ್ಲ," ಅಂದಳು. "ಹೊಸ ಬಣ್ಣದ ವಾಸನೆ ಇಲ್ಲ. ಎನಾಮೆಲ್ ಆಗಿದ್ರೆ ಹೊಳೀಬೇಕಿತ್ತು. ಇನ್ನೂ ಒಂದು ನೋಡಿ— ಬೆಂಚಿನ ಹಲಗೆ ಮೇಲೆ ಕೂದಲೆಳೆಯಂಥ ಬಿರುಕು ಇದೆ. ಹಳೇ ಎಣ್ಣೆ ಬಣ್ಣ ಹೀಗೇ ಬಿರಿಯುತ್ತೆ. ಆ ಬಿರುಕು ಹಲಗೆ ದಾಟಿ ಕೋಟಿನ ಒಳಗೂ ಹಾಗೇ ಹೋಗಿದೆ. ಅಂದ್ರೆ ಬೆಂಚಿಗೆಷ್ಟು ವಯಸ್ಸೋ ಇವನಿಗೂ ಅಷ್ಟೇ."

"ಹಾಗಾದ್ರೆ ಬೆಳಿಗ್ಗೆ ಎಲ್ಲಿದ್ದ?" ನರ್ಸಮ್ಮ ಕೇಳಿದಳು.

"ಅಲ್ಲೇ. ನೀರಿನ ಬಣ್ಣದ ಕೆಳಗೆ."

ಹತ್ತಿಯನ್ನು ಮುದುಕನ ಹಣೆಯ ಮೇಲಿನ ಎಲೆಗಳಿಗೆ ಒತ್ತಿ, ಮೆಲ್ಲಗೆ ಎಳೆದಳು. ಹಸಿರು ಹತ್ತಿಗೆ ಬಂತು. ಚಿತ್ರದಲ್ಲಿ ಒಂದು ಕಂದು ಟೋಪಿ ಕಂಡಿತು.

ಮೈದುನ "ಅಯ್ಯೋ" ಎಂದ.

"ಯಾರೂ ಏನೂ ಸೇರಿಸಿಲ್ಲ. ತೆಗೆದಿದ್ದಾರೆ. ಒದ್ದೆ ಬಟ್ಟೇಲಿ ಒರೆಸಿದ್ದಾರೆ. ಪಾದದಿಂದ ಹಣೆ ತನಕ ಒರೆಸಿದವರು ಟೋಪಿ ಯಾಕೆ ಬಿಟ್ರು? ನೀನು ಅರೆಬರೆ ಕೆಲಸ ಅಂದೆ. ಅಲ್ಲ ಕಣಮ್ಮ. ಕೈ ಅಲ್ಲಿಗೇ ನಿಂತುಹೋಯ್ತು. ನಿನ್ನ ಪೆನ್ಸಿಲ್ ಗೆರೆಯೂ ಈ ಹಣೆಯೂ ಒಂದೇ ಎತ್ತರ. ದಿನಾ ಗೆರೆ ಎಳೆಯೋಳು ನೀನು, ಇದೊಂದು ನಿನ್ನ ಕಣ್ಣಿಗೆ ಬೀಳಲಿಲ್ಲ."

ನರ್ಸಮ್ಮ ನಿಧಾನವಾಗಿ ತಿರುಗಿದಳು.

"ಅತ್ತೆ?"

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ಬೆಂಚಿನ ಹತ್ರ ಏನೋ ಕಲೆ ಇತ್ತಮ್ಮ. ನೀನು ಬರೋದ್ರೊಳಗೆ ಒರೆಸಿಡೋಣ ಅಂತ ಬಟ್ಟೆ ತಗೊಂಡೆ. ಒಂದು ಭುಜ ಕಂಡಿತು. ಭುಜ ಒಂದನ್ನೇ ಬಿಟ್ಟು ಹೇಗೆ ನಿಲ್ಲಿಸೋದು? ಯಾರೋ ಏನೋ, ಒಳಗೆ ಸಿಕ್ಕಿಕೊಂಡಿದ್ದಾರೆ ಅನ್ನಿಸಿತು. ಒರೆಸ್ತಾ ಹೋದೆ."

"ನನಗೆ ಹೇಳಬಾರದಿತ್ತಾ?"

"ನೀನು ಅಷ್ಟು ಆಸೆಪಟ್ಟು ತಂದಿದ್ದು. 'ಈ ಮುದುಕಿ ಇದ್ರೆ ನನಗೆ ಒಂದು ಚಿತ್ರಾನೂ ಇಟ್ಕೊಳ್ಳೋಕಾಗಲ್ಲ' ಅಂತ ನೀನು ಅಂದ್ಕೊಂಡ್ರೆ? ನೀನು ನನ್ನ ಹೊಟ್ಟೇಲಿ ಹುಟ್ಟಿದೋಳಲ್ಲ. ನಿನ್ನ ಕಟ್ಕೊಂಡ ಮಗನೂ ಈಗಿಲ್ಲ. ಯಾವ ಬಾಯಿಂದ ಇಲ್ಲಿರ್ತೀನಿ ಅನ್ನಲಿ?"

ಮೈದುನ ನೆಲ ನೋಡುತ್ತ ಹೇಳಿದ, "ಮನೇಲಿ ಅಮ್ಮ ಒಬ್ಬಳೇ ಇದ್ದದ್ದು. ಅತ್ತಿಗೆ ಫೋನಲ್ಲಿ ಬೈದಾಗ ನನಗೆ ಹೊಳೀತು. ನನ್ನನ್ನ ಬೈದ್ರೆ ಏನಾಯ್ತು, ಬೈಸ್ಕೊಂಡು ಅಭ್ಯಾಸ ಇದೆ."

ನರ್ಸಮ್ಮ ಚಿತ್ರಗಾರನಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು.

"ಅದು ನಮ್ಮ ಚಿಕ್ಕಪ್ಪ," ಎಂದಿತು ಧ್ವನಿ. "ಮೂರು ಪ್ರದರ್ಶನದಲ್ಲಿಟ್ಟೆ. ಎಲ್ಲರಿಗೂ ಮರ ಹಿಡಿಸ್ತು, ಬೆಂಚು ಹಿಡಿಸ್ತು. 'ಗುರುತಿಲ್ಲದ ಮುದುಕ ನಮ್ಮ ಮನೇಲಿ ಯಾಕೆ?' ಅಂದ್ರು. ಎಣ್ಣೆ ಬಣ್ಣದಲ್ಲಿ ಮುಚ್ಚೋಕೆ ಮನಸ್ಸು ಬರಲಿಲ್ಲ, ಎಣ್ಣೆ ಮೇಲೆ ಹಿಡೀಲಿ ಅಂತ ನೀರಿನ ಬಣ್ಣಕ್ಕೆ ಸ್ವಲ್ಪ ಸೋಪು ಬೆರೆಸಿ ಹಚ್ಚಿದೆ. ನಿಮಗೆ ಹೇಳಬೇಕಿತ್ತಮ್ಮ. ಮೋಸ ನನ್ನದು. ಬಂದು ಸರಿಯಾಗಿ ಮುಚ್ಚಿಕೊಡ್ಲಾ? ಇಲ್ಲಾ ವಾಪಸ್ ತಗೊಳ್ಲಾ?"

"ಎರಡೂ ಬೇಡ. ಮತ್ತೆ ಹೇಳ್ತೀನಿ," ಎಂದು ಫೋನಿಟ್ಟಳು. ಮೊದಲು ಮೈದುನನ ಹತ್ತಿರ ಹೋದಳು.

"ಮೆಟ್ಟಿಲು ಹತ್ಬೇಡ ಅಂದೆ. ತಪ್ಪಾಯ್ತು ಕಣೋ."

"ಬಿಡಿ ಅತ್ತಿಗೆ."

ಆಮೇಲೆ ಅತ್ತೆಯ ಕುರ್ಚಿಯ ಮುಂದೆ ನೆಲದ ಮೇಲೇ ಕೂತಳು.

"ನಿಜ ಹೇಳ್ತೀನಿ ಅತ್ತೆ. ನನಗೆ ಆ ಖಾಲಿ ಬೆಂಚೇ ಬೇಕಿತ್ತು. ಈ ಮನುಷ್ಯ ಬೇಡ. ನಿಮಗೆ?"

ಮುದುಕಿ ಬಹಳ ಹೊತ್ತು ಚಿತ್ರವನ್ನೇ ನೋಡಿದರು.

"ಒಳ್ಳೇ ಮುಖ," ಅಂದರು. "ನನಗೆ ಬೇಕು."

"ಹಾಗಾದ್ರೆ ನಿಮ್ಮ ಕೋಣೆಗೆ ಹಾಕೋಣ. ನನಗೆ ಬೇರೆ ಹುಡುಕಿದ್ರಾಯ್ತು, ಮುಂದಿನ ರಜೆಗೆ ನೀವೂ ಬರಬೇಕು. ಮತ್ತೆ ಏಳು ತಿಂಗಳಾದ್ರೂ ಬೇಜಾರು ಮಾಡ್ಕೋಬಾರದು."

"ನನ್ನ ಕೋಣೆ?"

"ಮತ್ತೆ ಯಾರದ್ದು? ಅಲ್ಲಿ ಗೋಡೇಲಿ ಒಂದು ಮೊಳೆಯೂ ಇಲ್ಲ."

ಮೈದುನ ಸುತ್ತಿಗೆ ಹುಡುಕಿ ತಂದ. ನಾನು ಚಿತ್ರದ ಒಂದು ತುದಿ ಹಿಡಿದೆ, ನನ್ನ ಹೆಂಡತಿ ಇನ್ನೊಂದು. ಒಳಗಿನ ಕೋಣೆಯಲ್ಲಿ ಮುದುಕಿ ನಾಲ್ಕೂ ಗೋಡೆಗಳನ್ನು ಒಂದು ಸುತ್ತು ನೋಡಿದರು. ಆಮೇಲೆ ಮಂಚದ ಮೇಲೆ ಕೂತು, ಆಗುವಷ್ಟು ತೋಳೆತ್ತಿ ತೋರಿಸಿದರು.

"ಅಲ್ಲಿ. ಸ್ವಲ್ಪ ಬಲಕ್ಕೆ. ಹಾಂ, ಅಲ್ಲೇ ಹೊಡಿ. ಗಟ್ಟಿಯಾಗಿ ಹೊಡಿ."